ಫಿಲ್ಟರ್ ಕಾಗದದಲ್ಲಿ ಬಂದ ಜೀನು ಮತ್ತು ಅದರೊಡನೆ ಬರದ ವಿವರ

ಹಾಸನದ ನಮ್ಮ ಕಾಲೇಜಿನ ಸಿಂಥೆಟಿಕ್ ಬಯಾಲಜಿ (ಡಿಎನ್‌ಎ ತುಣುಕುಗಳನ್ನು ಜೋಡಿಸಿ ಜೀವಕೋಶಗಳಿಂದ ಹೊಸ ಕೆಲಸ ಮಾಡಿಸುವ ವಿದ್ಯೆ) ತಂಡಕ್ಕೆ ಕೆಂಪು ಪ್ರೋಟೀನ್ ತಯಾರಿಸುವ ಜೀನೊಂದು ಬೇಕಾಗಿತ್ತು. ಚಿಕ್ಕಮಗಳೂರಿನ ವಿದ್ಯಾರ್ಥಿ ತಂಡವೊಂದರ ಬಳಿ ಅದು ಸಿದ್ಧವಾಗಿತ್ತು. ಅವರಿಗೆ ನಮ್ಮಲ್ಲಿದ್ದ, ಜೀನನ್ನು ಚಾಲೂ ಮಾಡುವ ಡಿಎನ್‌ಎ ತುಣುಕುಗಳಾದ ಜೆ23100 ಮುಂತಾದ ಪ್ರೊಮೋಟರ್‌ಗಳು ಬೇಕಿದ್ದವು. ಜೀವಂತ ಬ್ಯಾಕ್ಟೀರಿಯಾವನ್ನು ಬಸ್ಸಿನಲ್ಲಿ ಒಯ್ಯುವುದು ಬೇಡವೆಂದು ಎರಡೂ ಕಡೆಯ ಮೇಷ್ಟ್ರುಗಳು ಹೇಳಿದ್ದರಿಂದ, ಜೈವಿಕ ಸುರಕ್ಷತಾ ಸಮಿತಿಗೆ ತಿಳಿಸಿ, ಇವನ್ನು ಹೊತ್ತ, ಪ್ಲಾಸ್ಮಿಡ್ ಎಂಬ ಪುಟ್ಟ ಉಂಗುರಾಕಾರದ ಶುದ್ಧೀಕರಿಸಿದ ಡಿಎನ್‌ಎಯನ್ನಷ್ಟೇ ಫಿಲ್ಟರ್ ಕಾಗದದಲ್ಲಿ ಒಣಗಿಸಿ ಕೊಟ್ಟು ತೆಗೆದುಕೊಳ್ಳುವುದೆಂದು ನಿರ್ಧರಿಸಿದೆವು.

ಶಾಯಿ ಹರಡುತ್ತದೆಂದು ಪೆನ್ಸಿಲಿನಿಂದ ವೃತ್ತ ಬರೆದು, ಪ್ರತಿ ವೃತ್ತಕ್ಕೆ 5 ಮೈಕ್ರೊಲೀಟರ್ ಹನಿಸಿದೆವು. ಮಲೆನಾಡಿನ ಮಳೆಗಾಲದ ತೇವಕ್ಕೆ ಹೆದರಿ ಜಿಪ್ ಚೀಲದೊಳಗೆ ಸಿಲಿಕಾ ಜೆಲ್ ಕೂಡ ಹಾಕಿದೆವು. ಬೇಲೂರಿನ ಮೇಲೆ ಬರುವ ಬಸ್ಸಿನಲ್ಲಿ ಅವರ ಲಕೋಟೆ ನಮಗೆ ತಲುಪಿದಾಗ ಅದರ ಮೇಲಿದ್ದದ್ದು ‘ಕೆಂಪು-2’ ಎಂಬ ಒಂದೇ ಪದ.

ವೃತ್ತವನ್ನು ಕತ್ತರಿಸಿ ನೀರಿನಲ್ಲಿ ನೆನೆಸಿ, ಡಿಎನ್‌ಎಯನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಿ, ನಮ್ಮ ರೂಢಿಯಂತೆ ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯೋಟಿಕ್ ಬೆರೆಸಿದ ಪ್ಲೇಟಿನಲ್ಲಿ ಹರಡಿದೆವು. ಅದನ್ನು ತಡೆಯುವ ಜೀನಿರುವ ಪ್ಲಾಸ್ಮಿಡ್ ಪಡೆದ ಬ್ಯಾಕ್ಟೀರಿಯಾ ಮಾತ್ರ ಅಲ್ಲಿ ಬೆಳೆಯುತ್ತದೆ. ಮೂರು ಬಾರಿ ಮಾಡಿದರೂ ಒಂದು ಕಾಲೊನಿಯೂ (ಬ್ಯಾಕ್ಟೀರಿಯಾ ಬೆಳೆದ ಚುಕ್ಕೆ) ಮೂಡಲಿಲ್ಲ. ಹೋಲಿಕೆಗೆಂದು ನಮ್ಮದೇ ಪ್ಲಾಸ್ಮಿಡ್ ಹಾಕಿದ ಕಂಟ್ರೋಲ್ ಪ್ಲೇಟಿನಲ್ಲಿ ಮಾತ್ರ ಕಾಲೊನಿಗಳು ತುಂಬಿದ್ದವು. ಕೊನೆಗೆ ಫೋನ್ ಮಾಡಿದಾಗ ಆ ತಂಡದ ಕಿರಿಯ ಹುಡುಗಿ, “ಅಕ್ಕಾ, ಅದರಲ್ಲಿರುವುದು ಆಂಪಿಸಿಲಿನ್ ತಡೆಯುವ ಜೀನು” ಎಂದಳು. ಒಂದು ಪದ ಬರೆಯದಿದ್ದುದರಿಂದ ಎರಡು ತಂಡಗಳ ಒಂದು ವಾರ ಹೋಗಿತ್ತು. ಕೇಳದಿದ್ದ ತಪ್ಪು ನಮ್ಮದೂ ಹೌದು.

ಆಂಪಿಸಿಲಿನ್ ಪ್ಲೇಟಿನಲ್ಲಿ ಕಾಲೊನಿಗಳು ಬಂದವು, ಆದರೆ ಜೋಡಣೆಯಲ್ಲಿ ಮತ್ತೊಂದು ತೊಡಕು ಎದುರಾಯಿತು. ಅಮೆರಿಕದ ಎಂಐಟಿಯ ಟಾಮ್ ನೈಟ್ 2003ರಲ್ಲಿ ರೂಪಿಸಿದ ಬಯೋಬ್ರಿಕ್ ಎಂಬ ಜೋಡಣಾ ಪದ್ಧತಿಯಲ್ಲಿ ಭಾಗದ (ಜೋಡಿಸಬೇಕಾದ ಡಿಎನ್‌ಎ ತುಣುಕಿನ) ಮುಂದೆ ಇಕೋಆರ್‌-1, ಎಕ್ಸ್‌ಬಿಎ-1, ಹಿಂದೆ ಎಸ್‌ಪಿಇ-1, ಪಿಎಸ್‌ಟಿ-1 ಎಂಬ ಕಿಣ್ವಗಳು ಕತ್ತರಿಸುವ ತಾಣಗಳಿರುತ್ತವೆ. ಭಾಗದ ಒಳಗೆ ಅವು ಇರಕೂಡದು. ಐಜೆಮ್ ಎಂಬ ಅಂತರರಾಷ್ಟ್ರೀಯ ಸಿಂಥೆಟಿಕ್ ಬಯಾಲಜಿ ಸ್ಪರ್ಧೆಯ ತಂಡಗಳು ಪರಸ್ಪರರ ಭಾಗಗಳನ್ನು ಬಳಸಲು ಸಾಧ್ಯವಾದದ್ದೇ ಈ ಕಟ್ಟುಪಾಡಿನಿಂದ. ಕತ್ತರಿಸಿದ ಡಿಎನ್‌ಎ ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ನಮ್ಮ ಜೆಲ್‌ನಲ್ಲಿ ಎರಡು ಪಟ್ಟೆ ಬರಬೇಕಾದಲ್ಲಿ ಮೂರು ಕಂಡವು: ಜೀನಿನ ನಡುವೆಯೇ ಸಿಟಿಜಿಸಿಎಜಿ ಎಂಬ ಅಕ್ಷರಸಾಲು, ಅಂದರೆ ಪಿಎಸ್‌ಟಿ-1 ತಾಣ ಕುಳಿತಿತ್ತು. ಸಿಎಜಿ ಮತ್ತು ಸಿಎಎ ಎರಡೂ ಪ್ರೋಟೀನಿನ ಒಂದೇ ಘಟಕವಾದ ಗ್ಲುಟಮಿನ್ನನ್ನೇ ಸೂಚಿಸುವುದರಿಂದ, ಒಂದು ಅಕ್ಷರ ಬದಲಿಸುವ ಪ್ರೈಮರ್‌ಗಳಿಂದ (ಪುಟ್ಟ ಡಿಎನ್‌ಎ ತುಣುಕುಗಳಿಂದ) ಪಿಸಿಆರ್, ಅಂದರೆ ಡಿಎನ್‌ಎ ನಕಲು, ಮಾಡಿ, ಪ್ರೋಟೀನ್ ಕೆಡದಂತೆ ತಾಣವನ್ನು ಅಳಿಸಿದೆವು. ಜೀನಿನ ಪೂರ್ತಿ ಸೀಕ್ವೆನ್ಸ್ (ಅಕ್ಷರಗಳ ಸಾಲು) ಮೊದಲೇ ಕೈಯಲ್ಲಿದ್ದರೆ ಇದು ಕಂಪ್ಯೂಟರಿನಲ್ಲಿ ಐದು ನಿಮಿಷದಲ್ಲಿ ತಿಳಿಯುತ್ತಿತ್ತು.

ಅಂದಿನಿಂದ ನಮ್ಮಿಂದ ಹೊರಡುವ ಪ್ರತಿ ವೃತ್ತದೊಡನೆ ಪ್ಲಾಸ್ಮಿಡ್‌ನ ಹೆಸರು, ಆಂಟಿಬಯೋಟಿಕ್, ಪರೀಕ್ಷಿಸಿದ ಬ್ಯಾಕ್ಟೀರಿಯಾ ತಳಿ, ಕತ್ತರಿಸಿದಾಗ ಬರಬೇಕಾದ ಪಟ್ಟೆಗಳ ಅಳತೆ ಇರುವ ಚೀಟಿ ಹೋಗುತ್ತದೆ. ಸೀಕ್ವೆನ್ಸ್ ಕಡತ ಫೋನಿಗೆ ಮೊದಲೇ ತಲುಪಿರುತ್ತದೆ. ಕೆಲಸ ಮಾಡದ ಭಾಗವಾದರೆ ಅದನ್ನೂ ಬರೆಯುತ್ತೇವೆ. ಇದನ್ನು ಬಹಳ ತಂಡಗಳು ಮುಚ್ಚಿಡುತ್ತವೆ, ನನಗೆ ಅದೇ ಅತ್ಯಂತ ಬೆಲೆಯುಳ್ಳ ಮಾಹಿತಿ. ತಿದ್ದಿದ ಜೀನನ್ನು ನಮ್ಮ ಪ್ರೊಮೋಟರ್‌ನೊಂದಿಗೆ ಸೇರಿಸಿ ಚೀಟಿಸಮೇತ ಅವರಿಗೇ ಹಿಂದಿರುಗಿಸಿದೆವು. ನಾಲ್ಕನೆಯ ದಿನ ಆ ಹುಡುಗಿ ಕಳುಹಿಸಿದ ಚಿತ್ರದಲ್ಲಿ ಪ್ಲೇಟಿನ ತುಂಬ ಕೆಂಪು ಕಾಲೊನಿಗಳಿದ್ದವು.