ಮಂಗ ಸತ್ತಿದ್ದು ಯಾವತ್ತು?

ಮಂಗನ ಕಾಯಿಲೆ ತಡೆಯುವ ಯೋಜನೆಯೊಂದಕ್ಕೆ ವೆಬ್‌ಸೈಟ್ ಬೇಕಿತ್ತು. ಯಾವ ಊರಲ್ಲಿ ಎಷ್ಟು ಕೆಲಸ ಆಗಿದೆ, ಅದರಿಂದ ಏನಾದರೂ ಉಪಯೋಗ ಆಯ್ತಾ ಅನ್ನೋದು ಅದರಲ್ಲಿ ಕಾಣಬೇಕು. ಕೇಳಿದ ಕೂಡಲೇ ಒಪ್ಪಿಕೊಂಡೆ. ನಾನು ತೀರ್ಥಹಳ್ಳಿ ಕಡೆಯವನು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರದ ಮಾತು ಕೇಳುತ್ತಲೇ ಬೆಳೆದೆ. 2018-19ರಲ್ಲಿ ಸಾಗರದ ಅರಳಗೋಡಿನಿಂದ ಸಾವಿನ ಸುದ್ದಿ ಬರುತ್ತಿದ್ದಾಗಿನ ಭಯ ಇನ್ನೂ ಮರೆತಿಲ್ಲ.

ವೆಬ್‌ಸೈಟ್ ಕಟ್ಟೋಕೆ ಜಾಂಗೋ, ಮಾಹಿತಿ ಇಡೋಕೆ ಪೋಸ್ಟ್‌ಗ್ರೆಸ್, ಒಂದು ಮ್ಯಾಪ್. ಮೊದಲ ಆವೃತ್ತಿ ಬೇಗನೇ ಸಿದ್ಧವಾಯ್ತು. ಆದರೆ ಸತ್ತ ಮಂಗ ಕಂಡಾಗ ಆಶಾ ಕಾರ್ಯಕರ್ತೆಯರು ಮೊಬೈಲ್‌ನಲ್ಲಿ ತುಂಬಬೇಕಾದ ಫಾರಂ ನೆಟ್‌ವರ್ಕ್ ಇಲ್ಲದ ಕಡೆ ತೆರೆಯುತ್ತಲೇ ಇರಲಿಲ್ಲ. ತುಂಬಿದ ಮಾಹಿತಿ ಮೊಬೈಲ್‌ನಲ್ಲೇ ಉಳಿದು, ಸಿಗ್ನಲ್ ಸಿಕ್ಕಾಗ ತಾನಾಗಿ ಹೋಗುವಂತೆ ಮತ್ತೆ ಬರೆದೆ. ಆಗ ಒಂದೇ ವರದಿ ಎರಡೆರಡು ಸಲ ಬರತೊಡಗಿತು. ಮಾಹಿತಿ ಸರ್ವರ್‌ಗೆ ತಲುಪಿರುತ್ತಿತ್ತು, 'ತಲುಪಿತು' ಅನ್ನುವ ಉತ್ತರ ವಾಪಸ್ ಬರುವಷ್ಟರಲ್ಲಿ ಸಿಗ್ನಲ್ ಹೋಗಿರುತ್ತಿತ್ತು. ಫಾರಂ ತೆರೆದಾಗಲೇ ಮೊಬೈಲ್ ಅದಕ್ಕೊಂದು ಬೇರೆ ನಂಬರ್ ಕೊಡುವಂತೆ ಮಾಡಿದ ಮೇಲೆ ಅದು ನಿಂತಿತು.

ನಿಜವಾದ ತಪ್ಪು ಕಂಡಿದ್ದು ಗ್ರಾಫ್‌ನಲ್ಲಿ. ಸತ್ತ ಮಂಗಗಳ ಲೆಕ್ಕ ವಾರಕ್ಕೊಮ್ಮೆ, ಸಂತೆಯ ದಿನವೇ ಏರುತ್ತಿತ್ತು! ಕಾರಣ ನಾನೇ. ಮಾಹಿತಿ ಸರ್ವರ್‌ಗೆ ಬಂದ ದಿನವನ್ನೇ ಮಂಗ ಸತ್ತ ದಿನ ಅಂತ ಹಿಡಿದಿದ್ದೆ. ಮೇಲಿನ ಊರುಗಳ ಆಶಾ ಕಾರ್ಯಕರ್ತೆಯರು ಸಂತೆಗೆ ಇಳಿದಾಗ ತಾನೇ ಸಿಗ್ನಲ್ ಸಿಗೋದು.

ಅವರಲ್ಲಿ ಒಬ್ಬ ಅಕ್ಕನ ಮನೆಗೆ ಹೋದೆ. ಅಡಿಕೆ ಒಣಗಿಸಿದ್ದ ಅಂಗಳದ ಅಂಚಲ್ಲಿ ಕೂತು ತಮ್ಮ ನೋಟ್‌ಬುಕ್ ತೆರೆದರು. ಯಾವತ್ತು ನೋಡಿದ್ದು, ಯಾರು ನೋಡಿದ್ದು, ಯಾರ ಸೊಪ್ಪಿನಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ), ಎಲ್ಲ ಇತ್ತು. ನನ್ನ ಫಾರಂಗಿಂತ ಆ ಪುಟ ಎಷ್ಟೋ ಚೆನ್ನಾಗಿತ್ತು.

ಈ ಕಾಯಿಲೆಯಲ್ಲಿ ದಿನದ ಲೆಕ್ಕ ತಪ್ಪಬಾರದು. ಮಂಗ ಸತ್ತರೆ ಅದರ ಮೈಮೇಲಿನ ಉಣುಗು, ಅಂದರೆ ಕಚ್ಚಿ ಈ ಕಾಯಿಲೆ ತರುವ ಉಣ್ಣೆ, ಇಳಿದು ಸುತ್ತಲೂ ಹರಡುತ್ತದೆ. ಅದಕ್ಕೇ ಸತ್ತ ಜಾಗದ ಸುತ್ತ 50 ಮೀಟರ್‌ವರೆಗೆ ಮೆಲಾಥಿಯಾನ್ ಅನ್ನುವ ಕೀಟನಾಶಕದ ಪುಡಿ ಹಾಕುವುದು. ತಡವಾದಷ್ಟೂ ಸೊಪ್ಪು, ಸೌದೆಗೆ ಹೋಗುವವರಿಗೆ ಅಪಾಯ. ಹಾಗಾಗಿ ಮೂರು ತಾರೀಕು ಇಟ್ಟೆ: ಮಂಗ ಕಂಡ ದಿನ, ನಮಗೆ ಸುದ್ದಿ ಬಂದ ದಿನ, ಪುಡಿ ಹಾಕಿದ ದಿನ. ಒಟ್ಟು ಎಷ್ಟು ಮಂಗ ಅನ್ನುವುದಕ್ಕಿಂತ ಈ ತಾರೀಕುಗಳ ನಡುವಿನ ಅಂತರವೇ ಮುಖ್ಯ ಅಂತ ಡ್ಯಾಶ್‌ಬೋರ್ಡ್‌ನಲ್ಲಿ ಅದನ್ನೇ ಮೊದಲು ತೋರಿಸಿದೆ. ಪುಡಿ ಹಾಕುವವರು ತಡ ಮಾಡುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ನೋಡಿದರೆ ಜಾಸ್ತಿ ದಿನ ಹೋಗುತ್ತಿದ್ದದ್ದು ಸುದ್ದಿ ನಮ್ಮನ್ನು ಮುಟ್ಟುವುದಕ್ಕೆ, ಅಂದರೆ ನನ್ನ ಫಾರಂ ಮೊಬೈಲ್‌ನಲ್ಲಿ ಕಾಯುತ್ತಿದ್ದ ದಿನಗಳು. ಮೊದಲು ಯಾರ ಮನೆಯ ಲ್ಯಾಂಡ್‌ಲೈನ್‌ನಿಂದಾದರೂ ಸರಿ, ಫೋನ್ ಮಾಡಿ, ಫಾರಂ ಆಮೇಲೆ ತುಂಬಿ ಅಂತ ಪದ್ಧತಿ ಬದಲಾಯಿತು.

ಹೊರಡುವಾಗ ಆ ಅಕ್ಕ ಇನ್ನೊಂದು ಮಾತು ಹೇಳಿದರು. "ತಮ್ಮಾ, ಎಣ್ಣೆ ಕೊಟ್ಟಿದ್ದು ಬರ್ಕೊಳ್ತೀರಿ. ಹಚ್ಕೊಂಡ್ರಾ ಇಲ್ವಾ ಅಂತ ಯಾರು ಬರ್ಕೊಳ್ತಾರೆ?"

ಉಣುಗು ಹತ್ತದಿರಲಿ ಅಂತ ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆಯ ಮಾತು ಅದು. ನಮ್ಮ ವರದಿಯಲ್ಲಿ ಹಂಚಿದ ಬಾಟಲಿಗಳ ಲೆಕ್ಕ ಮಾತ್ರ ಇತ್ತು. ಮುಂದಿನ ಭೇಟಿಯ ಫಾರಂನಲ್ಲಿ ಬಾಟಲಿಯ ಮೂರು ಚಿತ್ರ ಸೇರಿಸಿದೆ: ತುಂಬಿದ್ದು, ಅರ್ಧ, ಖಾಲಿ. 'ಹಚ್ಚಿಕೊಳ್ತೀರಾ' ಅಂದರೆ ಎಲ್ಲರೂ ಹೌದು ಅಂತಾರೆ, ಅಲ್ವಾ? ಬಾಟಲಿ ನೋಡಿದರೆ ಗೊತ್ತಾಗುತ್ತದೆ. ತುಂಬಿದ ಬಾಟಲಿ ಇರುವ ಮನೆಗಳ ಪಟ್ಟಿ ಈಗ ಆ ಅಕ್ಕನ ಮೊಬೈಲ್‌ಗೇ ಹೋಗುತ್ತದೆ. ಉಣುಗಿನ ಕಾಲ ಶುರುವಾಗುವ ಮುಂಚೆ ಅವರು ಮೊದಲು ಹೋಗುವುದು ಆ ಮನೆಗಳಿಗೆ.