ಮನೇಲೊಬ್ಬಳು ಮಾತಿನ ಮಲ್ಲಿ ಇದ್ರೆ ಏನು ಮಾಡ್ಬೇಕು: ಒಬ್ಬ ಅಪ್ಪನ ಗೈಡು

ನನ್ನ ಮಗಳಿಗೆ ನಾಲ್ಕು ವರ್ಷ. ಬೆಳಗ್ಗೆ ಕಣ್ಣು ಬಿಡೋಕೆ ಮುಂಚೆನೇ ಬಾಯಿ ಬಿಟ್ಟಿರ್ತಾಳೆ, ಅದೂ ರಾತ್ರಿ ನಿದ್ದೆ ಬಂದು ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದಾನೇ, "ಆಮೇಲೇನಾಯ್ತು ಗೊತ್ತಾ ಅಪ್ಪಾ" ಅಂತ. ಲಿಫ್ಟಲ್ಲಿ ಯಾರಾದ್ರೂ ಹತ್ತಿದ್ರೆ ಕೆಳಗಿಳಿಯೋದ್ರೊಳಗೆ ಅವರ ಹೆಸರೇನು, ಮನೇಲಿ ನಾಯಿ ಇದ್ಯಾ, ತಲೇಲಿ ಕೂದಲು ಯಾಕಿಲ್ಲ, ಎಲ್ಲಾ ವಿಚಾರಣೆ ಮುಗಿದಿರತ್ತೆ. ನಾನು ಹುಟ್ಟಾ ಮೌನಿ, ಲಿಫ್ಟಲ್ಲಿ ಫ್ಲೋರ್ ನಂಬರ್ ನೋಡ್ಕೊಂಡು ನಿಲ್ಲೋ ಜಾತಿ, ಹಾಗಾಗಿ ಇವಳ ಜೊತೆ ಬಾಳೋದನ್ನ ನಾನು ಕಲೀಲೇಬೇಕಾಯ್ತು. ಕಲಿತದ್ದನ್ನ ನಿಮ್ಗೂ ಹೇಳ್ತೀನಿ.

ಮೊದಲು "ಒಂದು ನಿಮಿಷ ಸುಮ್ನಿರೇ" ಅನ್ನೋದನ್ನ ಬಿಡಿ. ನೀತಿಗಾಗಿ ಹೇಳ್ತಿಲ್ಲ, ಅದು ಕೆಲ್ಸ ಮಾಡಲ್ಲ ಅಷ್ಟೇ, "ಯಾಕೆ ಸುಮ್ನಿರ್ಬೇಕು?" ಅಂತ ಇನ್ನೊಂದು ಪ್ರಶ್ನೆ ಹುಟ್ಟತ್ತೆ. ಅದರ ಬದಲು ಅವರ ಮಾತಲ್ಲಿ ನಿಮಗೆ ಹೇಳ್ತಿರೋದು ಎಷ್ಟು, ತಮಗೆ ತಾವೇ ಹೇಳ್ಕೊಳ್ತಿರೋದು ಎಷ್ಟು ಅಂತ ಎರಡು ದಿನ ಗಮನಿಸಿ. ನನಗಂತೂ ಇದೇ ದೊಡ್ಡ ರಿಲೀಫು. ಬ್ಲಾಕ್ಸ್ ಜೋಡಿಸ್ತಾ "ಇದು ಇಲ್ಲಿ, ಅಯ್ಯೋ ಬಿತ್ತು, ಇರು ಇರು ದೊಡ್ಡದು ಕೆಳಗೆ" ಅಂತ ಗೊಣಗ್ತಿರ್ತಾಳಲ್ಲ, ಅದಕ್ಕೆ ನಾನು ಉತ್ತರ ಕೊಡಬೇಕಾಗೇ ಇಲ್ಲ. ಈ ವಯಸ್ಸಿನ ಮಕ್ಕಳು ಜೋರಾಗಿ ಯೋಚನೆ ಮಾಡ್ತಾರೆ. ಸ್ವಿಸ್ ಮನಶ್ಶಾಸ್ತ್ರಜ್ಞ ಪಿಯಾಜೆ 1923ರಲ್ಲೇ ಇದರ ಬಗ್ಗೆ ಬರೆದಿದ್ರು, ಆದ್ರೆ ಅವರಿಗದು ಬೇರೆಯವರ ದೃಷ್ಟಿ ಇನ್ನೂ ತಿಳೀದ ಮಗುವಿನ ಮಾತು ಅನ್ಸಿತ್ತು. ಆಮೇಲೆ ರಷ್ಯಾದ ಮನಶ್ಶಾಸ್ತ್ರಜ್ಞ ವೈಗೋಟ್ಸ್ಕಿ ಬಂದು, ಇಲ್ಲ ಸ್ವಾಮಿ, ಮಗು ಈ ಮಾತಿಂದಾನೇ ತನ್ನ ಕೆಲ್ಸಾನ ತಾನು ನಡೆಸ್ಕೊಳ್ಳತ್ತೆ, ಮುಂದೆ ಇದೇ ಒಳಗಿಳಿದು ನಮ್ಮೆಲ್ಲರ ಮನಸ್ಸಿನೊಳಗಿನ ಮಾತಾಗತ್ತೆ ಅಂದ್ರು. ನಾನು ವೈಗೋಟ್ಸ್ಕಿ ಪಾರ್ಟಿ. ನನ್ನ ಕಡೆ ತಿರುಗಿ ಹೇಳಿದ್ರೆ ನನಗೆ, ಬ್ಲಾಕ್ ಕಡೆ ನೋಡ್ತಾ ಹೇಳಿದ್ರೆ ಬ್ಲಾಕಿಗೆ, ಹೀಗೆ ಲೆಕ್ಕ ಇಟ್ಕೊಂಡ್ರೆ ನಿಮ್ಮ ಕೆಲ್ಸ ಅರ್ಧ ಕಮ್ಮಿ ಆಗತ್ತೆ.

ಇನ್ನು "ಯಾಕೆ". ಇದಕ್ಕೆ ನಾನು ಶುರುವಲ್ಲಿ ಮಾಡಿದ ತಪ್ಪು ಏನಂದ್ರೆ ಪಾಠ ಮಾಡೋದು. ಚಂದ್ರ ಯಾಕೆ ನಮ್ಮ ಹಿಂದೇನೇ ಬರ್ತಾನೆ ಅಂತ ಕೇಳಿದ್ಲು, ನಾನೋ ಖುಷಿಯಾಗಿ, ನೋಡು ಮರ ಹತ್ತಿರ ಇದೆ ಅದಕ್ಕೆ ಬೇಗ ಹಿಂದೆ ಹೋಗತ್ತೆ, ಚಂದ್ರ ಸುಮಾರು 3,84,000 ಕಿಲೋಮೀಟರ್ ದೂರ, ನಾವು ಇಷ್ಟು ನಡೆದ್ರೂ ಅವನಿರೋ ದಿಕ್ಕು ಬದಲಾದ ಹಾಗೆ ಕಾಣಲ್ಲ ಅಂತೆಲ್ಲಾ ಹೇಳ್ದೆ, ಎಲ್ಲಾ ಸರಿಯಾಗೇ ಹೇಳ್ದೆ. ಅವಳು ಪೂರ್ತಿ ಕೇಳಿಸ್ಕೊಂಡು "ಅವನಿಗೆ ಮನೆ ಇಲ್ವಾ ಪಾಪ?" ಅಂದ್ಲು. ಅವತ್ತಿಂದ ಒಂದು ರೂಲ್ ಮಾಡ್ಕೊಂಡಿದೀನಿ, ಮೊದಲು "ನಿಂಗೇನನ್ಸತ್ತೆ?" ಅಂತ ವಾಪಸ್ ಕೇಳೋದು, ಕೇಳಿ ಮನಸ್ಸಲ್ಲೇ ಐದರವರೆಗೆ ಎಣಿಸೋದು. ಈ ಎಣಿಸೋದು ಮುಖ್ಯ, ಯಾಕಂದ್ರೆ ಮಕ್ಕಳಿಗೆ ಮಾತು ಜೋಡಿಸೋಕೆ ನಮಗಿಂತ ಟೈಮ್ ಬೇಕು, ನಾವು ಎರಡೇ ಸೆಕೆಂಡಲ್ಲಿ ಬಾಯಿ ಹಾಕ್ಬಿಡ್ತೀವಿ. ಆಮೇಲೆ ನಿಜವಾದ ಉತ್ತರಾನ ಒಂದೇ ವಾಕ್ಯದಲ್ಲಿ ಹೇಳಿ. ಬೇಕಿದ್ರೆ ಮುಂದಿನ "ಯಾಕೆ" ಬಂದೇ ಬರತ್ತೆ, ಅದರ ಬಗ್ಗೆ ಯೋಚನೆ ಬೇಡ.

ತಪ್ಪು ತಪ್ಪಾಗಿ ಮಾತಾಡಿದ್ರೆ ತಿದ್ದಬೇಡಿ. "ನಾನೇ ಅಜ್ಜಿಗೆ ಕೊಡ್ದೆ" ಅಂದ್ರೆ "ಹೌದಾ, ನೀನೇ ಕೊಟ್ಯಾ?" ಅಂದ್ರೆ ಸಾಕು. ಆಡ್ದೆ, ಓಡ್ದೆ ಇರೋವಾಗ ಕೊಡ್ದೆ ಯಾಕಿರಬಾರದು, ಅವಳ ಲಾಜಿಕ್ ಸರಿಯಾಗೇ ಇದೆ, ಭಾಷೆದೇ ತಪ್ಪು!

ಮಧ್ಯೆ ಬಾಯಿ ಹಾಕೋದಕ್ಕೆ ಒಂದು ಉಪಾಯ ಇದೆ. ನಾನು ಫೋನಲ್ಲೋ ಯಾರ ಜೊತೆನೋ ಮಾತಾಡ್ತಿದ್ರೆ ಅವಳು ನನ್ನ ಕೈ ಮೇಲೆ ಕೈ ಇಡ್ಬೇಕು, ನಾನು ಅವಳ ಕೈ ಮೇಲೆ ನನ್ನ ಇನ್ನೊಂದು ಕೈ ಇಡ್ತೀನಿ, ಅಂದ್ರೆ "ಗೊತ್ತಾಯ್ತು, ಬಂದೆ" ಅಂತ. ಶುರುವಲ್ಲಿ ಹತ್ತು ಸೆಕೆಂಡಿಗಿಂತ ಜಾಸ್ತಿ ಕಾಯಿಸ್ಬೇಡಿ, ಆಮೇಲಾಮೇಲೆ ಬೆಳೆಸಿ. ಮೊದಲ ವಾರ ನನ್ನ ಮಗಳು ಕೈನೂ ಇಟ್ಲು, ಜೊತೆಗೆ "ಅಪ್ಪಾ ಕೈ ಇಟ್ಟಿದೀನಿ, ನೋಡು, ಇಟ್ಟಿದೀನಿ" ಅಂತ ಕೂಗಿದ್ಲೂ ಕೂಡ. ಈಗ ಪರವಾಗಿಲ್ಲ.

ಮನೆ ಗುಟ್ಟು ರಟ್ಟಾಗೋದಕ್ಕೆ ಮಾತ್ರ ಔಷಧಿ ಇಲ್ಲ. ನಮ್ಮಣ್ಣನ ಮುಂದೆ "ದೊಡ್ಡಪ್ಪಾ, ನೀವು ಬಂದ್ರೆ ಹೋಗೋದೇ ಇಲ್ಲ ಅಂತ ಅಪ್ಪ ಹೇಳ್ತಿದ್ರು" ಅಂದಾಗ ಭೂಮಿ ಬಾಯ್ಬಿಡಬಾರದಾ ಅನ್ನಿಸ್ತು ನನಗೆ. ಆದ್ರೆ ಬೈಯೋಕಾಗಲ್ಲ. ನನಗೆ ಗೊತ್ತಿರೋದು ಬೇರೆಯವರಿಗೆ ಗೊತ್ತಿಲ್ದೇ ಇರಬಹುದು ಅನ್ನೋದು ಮಕ್ಕಳಿಗೆ ಸುಮಾರು ನಾಲ್ಕರ ಆಸುಪಾಸಲ್ಲಿ ಹೊಳೆಯೋಕೆ ಶುರುವಾಗತ್ತೆ, ಹೇಳಿದ್ರೆ ಬೇಜಾರಾಗತ್ತೆ ಅನ್ನೋ ಲೆಕ್ಕಾಚಾರ ಇನ್ನೂ ನಿಧಾನ. ಅಜ್ಜಿ ಫೋನಲ್ಲಿ "ಊಟ ಆಯ್ತಾ" ಅಂದ್ರೆ ಸುಮ್ನೆ ತಲೆ ಆಡಿಸಿ "ಹೇಳಿದ್ನಲ್ಲಾ" ಅಂತಾಳೆ, ಅಜ್ಜಿಗೆ ಕಾಣಲ್ಲ ಅನ್ನೋದು ಅವಳ ತಲೆಗೆ ಬರಲ್ಲ. ಸೋ, ಹೊರಗೆ ಹೋಗಬಾರದ ಮಾತನ್ನ ಅವಳ ಮುಂದೆ ಆಡ್ಲೇಬೇಡಿ. "ಯಾರಿಗೂ ಹೇಳ್ಬೇಡ" ಅಂತ ಮಾತ್ರ ಕಲಿಸ್ಬೇಡಿ. ಹುಟ್ಟುಹಬ್ಬದ ಗಿಫ್ಟ್ ತರ ಒಂದಿನ ಎಲ್ಲರಿಗೂ ಗೊತ್ತಾಗೋ ಸರ್‌ಪ್ರೈಸ್ ಓಕೆ, ಅಪ್ಪ ಅಮ್ಮಂಗೆ ಹೇಳ್ಬಾರದು ಅನ್ನೋ ಗುಟ್ಟು ಯಾರು ಹೇಳಿದ್ರೂ ಓಡಿ ಬಂದು ನಮಗೇ ಮೊದಲು ಹೇಳ್ಬೇಕು, ಇದನ್ನ ನೂರು ಸಲ ಹೇಳಿ.

ಅಪರಿಚಿತರ ವಿಷಯದಲ್ಲೂ ನಾನು ಹೆದರಿಸಿಲ್ಲ. ಎಲ್ಲರ ಜೊತೆ ಹರಟೋ ದೊಡ್ಡೋರನ್ನೇ ನೋಡ್ಕೊಂಡು ಬೆಳೆದ ಮಗುಗೆ "ಹೊಸಬರ ಜೊತೆ ಮಾತಾಡ್ಬೇಡ" ಅಂದ್ರೆ ಅದಕ್ಕೆ ತಲೆನೂ ಇಲ್ಲ ಬುಡನೂ ಇಲ್ಲ, ಜೊತೆಗೆ ತೊಂದ್ರೆ ಕೊಡೋರು ಎಷ್ಟೋ ಸಲ ಗೊತ್ತಿರೋರೇ ಆಗಿರ್ತಾರೆ. ನಮ್ಮ ಮನೆ ರೂಲ್ ಇಷ್ಟೇ, ನಾನು ಪಕ್ಕದಲ್ಲಿದ್ರೆ ಯಾರ ಜೊತೆ ಬೇಕಾದ್ರೂ ಮಾತಾಡು, ಆದ್ರೆ ಯಾರ ಜೊತೆನಾದ್ರೂ ಹೋಗೋಕೆ ಮುಂಚೆ, ಏನಾದ್ರೂ ಇಸ್ಕೊಳ್ಳೋಕೆ ಮುಂಚೆ ನನ್ನನ್ನ ಕೇಳು, ಅವರು ಗೊತ್ತಿರೋ ಅಂಕಲ್ಲೇ ಆಗಿರ್ಲಿ. ಕಳೆದುಹೋದ್ರೆ ಮಕ್ಕಳನ್ನ ಕರ್ಕೊಂಡಿರೋ ಒಬ್ಬರು ಅಮ್ಮನ ಹತ್ರ ಹೋಗಿ ಹೇಳು. ನನ್ನ ಫೋನ್ ನಂಬರನ್ನ ಹಾಡು ಮಾಡಿ ಕಲಿಸಿದೀನಿ, ಅದೇನೋ ಸರಿ, ಆದ್ರೆ ಈಗ ಪಾರ್ಕಲ್ಲಿ ಸಿಕ್ಕೋರಿಗೆಲ್ಲಾ ಹಾಡಿ ತೋರಿಸ್ತಿದಾಳೆ.

ಎರಡು ವಿಷಯಕ್ಕೆ ಮಾತ್ರ ಸ್ವಲ್ಪ ಕಿವಿ ನೆಟ್ಟಗಿರ್ಲಿ. ಕೂಗಿ ಕೂಗಿ ಗಂಟಲು ಕಟ್ಟೋದು ಮಾಮೂಲು, ಆದ್ರೆ ಎರಡು ಮೂರು ವಾರ ಆದ್ರೂ ಧ್ವನಿ ಒಡೆದ ಹಾಗೇ ಇದ್ರೆ ಇಎನ್‌ಟಿ ಡಾಕ್ಟ್ರಿಗೆ ತೋರಿಸಿ, ತುಂಬಾ ಕಿರುಚೋ ಮಕ್ಕಳಿಗೆ ಧ್ವನಿಪೆಟ್ಟಿಗೇಲಿ ಸಣ್ಣ ಗಂಟು ಆಗೋದುಂಟು. ಇನ್ನೊಂದು ತೊದಲು, ಎರಡರಿಂದ ಐದು ವರ್ಷದೊಳಗೆ ತುಂಬಾ ಮಕ್ಕಳಿಗೆ ಬಂದು ಹೋಗತ್ತೆ. "ನಿಧಾನವಾಗಿ ಹೇಳು" ಅನ್ನೋದ್ರ ಬದಲು ನೀವೇ ನಿಧಾನವಾಗಿ ಮಾತಾಡಿ. ಆರು ತಿಂಗಳಾದ್ರೂ ಹೋಗ್ಲಿಲ್ಲ, ಇಲ್ಲಾ ಮಾತು ಹೊರಡೋಕೆ ಮುಖ ಹಿಂಡ್ಕೊಂಡು ಕಷ್ಟ ಪಡ್ತಿದ್ರೆ, ಇಲ್ಲಾ ಮನೇಲಿ ದೊಡ್ಡೋರಿಗೆ ಯಾರಿಗಾದ್ರೂ ತೊದಲು ಇದ್ರೆ, ಕಾಯದೇ ಸ್ಪೀಚ್ ಥೆರಪಿಸ್ಟ್ ಹತ್ರ ಹೋಗಿ.

ಕೊನೇದು ನಿಮ್ಮ ಕಿವಿ. ದಿನಕ್ಕೆ ಹತ್ತು ನಿಮಿಷ ಫೋನ್ ಬೇರೆ ರೂಮಲ್ಲಿಟ್ಟು ಅವಳ ಎದುರಿಗೆ ಕೂತು ಪೂರ್ತಿ ಕೇಳಿ, ದಿನವಿಡೀ "ಹೂಂ ಹೂಂ" ಅನ್ನೋದಕ್ಕಿಂತ ಇದು ಮೇಲು, "ಹೂಂ" ಸುಳ್ಳು ಅಂತ ಅವರಿಗೆ ಮೂರನೇ ಸಲಕ್ಕೇ ಗೊತ್ತಾಗತ್ತೆ. ಕೇಳಿದ್ದನ್ನ ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ, ವಿಡಿಯೋಗಿಂತ ಇದೇ ವಾಸಿ, ಕ್ಯಾಮೆರಾ ಕಂಡ ತಕ್ಷಣ ನಾಟಕ ಶುರು ಮಾಡ್ತಾರೆ. ಆಮೇಲೆ ರೆಸ್ಟ್ ಬೇಕಾದ್ರೆ ಮುಲಾಜಿಲ್ದೇ ಕೇಳಿ. ನಾನು ಮೊನ್ನೆ "ಪುಟ್ಟಾ, ಅಪ್ಪನ ಕಿವಿಗೆ ಸುಸ್ತಾಗಿದೆ, ಐದು ನಿಮಿಷ ರೆಸ್ಟ್ ಕೊಡೋಣ" ಅಂದೆ. ಒಂದು ಕ್ಷಣ ಸುಮ್ನಿದ್ಲು. "ಮಾತಾಡ್ತಿರೋದು ನನ್ನ ಬಾಯಿ, ಅದಕ್ಕೇ ಸುಸ್ತಾಗಿಲ್ಲ, ಸುಮ್ನೆ ಕೂತಿರೋ ನಿನ್ನ ಕಿವಿಗೆ ಹೇಗೆ ಸುಸ್ತಾಯ್ತು?" ಅಂದ್ಲು. ನಿಂಗೇನನ್ಸತ್ತೆ ಅಂತ ವಾಪಸ್ ಕೇಳಿ ಐದರವರೆಗೆ ಎಣಿಸೋಕೆ ಶುರು ಮಾಡ್ದೆ. ಎರಡಕ್ಕೇ ಉತ್ತರ ಬಂತು, ಮುಗಿಯೋಕೆ ಇಪ್ಪತ್ತು ನಿಮಿಷ ಹಿಡೀತು.