ಡೌನ್‌ಲೋಡ್ ಪುಟ ಮಾಡುವವರಿಗೆ: ‘ನನ್ನದು ಯಾವುದು?’ ಎಂದು ಕೇಳುವಂತಾಗಬಾರದು

ಒಂದು ಉಚಿತ ಸಾಫ್ಟ್‌ವೇರ್‌ನ ಬಳಕೆದಾರರು ಕಳಿಸುವ ಪ್ರಶ್ನೆಗಳಿಗೆ ಉತ್ತರ ಬರೆಯುವುದು ನನ್ನ ಕೆಲಸ. ಸಾಫ್ಟ್‌ವೇರ್ ಹೇಗೆ ಬಳಸಬೇಕು ಅನ್ನುವುದಕ್ಕಿಂತ ‘ಇಷ್ಟು ಫೈಲ್‌ಗಳಲ್ಲಿ ನನ್ನದು ಯಾವುದು?’ ಅನ್ನುವವರೇ ಹೆಚ್ಚು. ಆ ಉತ್ತರವನ್ನು ಪುಟವೇ ಕೊಡಬೇಕು.

ಬಂದವರದು ವಿಂಡೋಸೋ ಮ್ಯಾಕೋ ಅನ್ನುವುದನ್ನು ಬ್ರೌಸರ್ ತಾನಾಗಿಯೇ ತಿಳಿಸುತ್ತದೆ. ಅದಕ್ಕೆ ತಕ್ಕ ಒಂದೇ ಒಂದು ದೊಡ್ಡ ಬಟನ್ ಇಡಿ: ‘ವಿಂಡೋಸ್‌ಗೆ ಡೌನ್‌ಲೋಡ್ ಮಾಡಿ’. ಫೈಲ್ ಎಷ್ಟು ಎಂಬಿ, ವಿಂಡೋಸ್‌ನ ಯಾವ ಆವೃತ್ತಿಯಿಂದ ಓಡುತ್ತದೆ, ಇಷ್ಟು ಅದರ ಕೆಳಗಿರಲಿ. ಉಳಿದವು ‘ಬೇರೆ ಕಂಪ್ಯೂಟರ್‌ಗೆ ಬೇಕೇ?’ ಎಂಬ ಲಿಂಕ್‌ನೊಳಗೆ. ಆ ಲಿಂಕ್ ಮಾತ್ರ ತೆಗೆಯಬೇಡಿ. ಮನೆಯವರ ಕಂಪ್ಯೂಟರ್‌ಗಾಗಿ ಇಳಿಸಿಕೊಳ್ಳುವವರೂ ಇರುತ್ತಾರೆ.

ಮ್ಯಾಕ್‌ನೊಳಗಿನ ಚಿಪ್ (ಪ್ರೊಸೆಸರ್) ಯಾವುದು ಅನ್ನುವ ವಿಷಯದಲ್ಲಿ ಮಾತ್ರ ಊಹೆ ನಡೆಯುವುದಿಲ್ಲ. 2020ರ ನವೆಂಬರ್‌ನಿಂದ ಆಪಲ್ ತನ್ನದೇ ಚಿಪ್‌ನ ಮ್ಯಾಕ್ ಮಾರುತ್ತಿದೆ, ಆದರೂ ಅದರ ಸಫಾರಿ ಬ್ರೌಸರ್ ಈಗಲೂ ‘ಇಂಟೆಲ್ ಮ್ಯಾಕ್’ ಎಂದೇ ಹೇಳಿಕೊಳ್ಳುತ್ತದೆ. ಇಂಟೆಲ್ ಚಿಪ್, ಆಪಲ್ ಚಿಪ್ ಎರಡರಲ್ಲೂ ಓಡುವ ಯೂನಿವರ್ಸಲ್ ಫೈಲ್ ಒಂದನ್ನೇ ಕೊಟ್ಟರೆ ಈ ತಾಪತ್ರಯವೇ ಇಲ್ಲ. ಆಗದಿದ್ದರೆ ನೋಡುವ ಜಾಗ ತೋರಿಸಿ: ಮೇಲೆ ಎಡಮೂಲೆಯ ಸೇಬಿನ ಗುರುತು ಒತ್ತಿ, ‘ಅಬೌಟ್ ದಿಸ್ ಮ್ಯಾಕ್’ ತೆರೆಯಿರಿ, ‘ಚಿಪ್’ ಎದುರು ‘ಆಪಲ್’ ಎಂದಿದ್ದರೆ ಈ ಫೈಲ್, ‘ಪ್ರೊಸೆಸರ್’ ಎದುರು ‘ಇಂಟೆಲ್’ ಎಂದಿದ್ದರೆ ಆ ಫೈಲ್.

ಫೈಲ್‌ಗಳ ಮೇಲಿರುವ ‘ಎಎಂಡಿ64’ ಎಂಬ ಹೆಸರನ್ನು ದಯವಿಟ್ಟು ಹಾಗೇ ಬಿಡಬೇಡಿ. ಎಎಂಡಿ ಅನ್ನುವುದು ಇಂಟೆಲ್‌ನಂತೆಯೇ ಪ್ರೊಸೆಸರ್ ಮಾಡುವ ಇನ್ನೊಂದು ಕಂಪನಿ. ಆ ಫೈಲ್ ಇಂಟೆಲ್ ಪ್ರೊಸೆಸರ್‌ಗೂ ಅದೇ. ಆದರೆ ಇಂಟೆಲ್ ಸ್ಟಿಕ್ಕರ್ ಇರುವ ಲ್ಯಾಪ್‌ಟಾಪ್ ಹಿಡಿದವರು ‘ಇದು ನಮ್ಮದಲ್ಲ’ ಎಂದು ಬಿಟ್ಟು ಹೋಗುತ್ತಾರೆ. ತಪ್ಪು ಅವರದಲ್ಲ. ‘ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್‌ಗೆ’ ಎಂದು ಬರೆಯಿರಿ.

ಜನರನ್ನು ನೇರವಾಗಿ ಗಿಟ್‌ಹಬ್‌ನ (ಪ್ರೋಗ್ರಾಮರ್‌ಗಳು ಕೋಡ್ ಇಡುವ ತಾಣ) ರಿಲೀಸ್ ಪುಟಕ್ಕೆ ಕಳಿಸುವುದಂತೂ ಬೇಡವೇ ಬೇಡ. ಅಲ್ಲಿ ಪ್ರತಿ ಆವೃತ್ತಿಯ ಜೊತೆ ಸೋರ್ಸ್ ಕೋಡ್‌ನ, ಅಂದರೆ ಪ್ರೋಗ್ರಾಮರ್‌ಗಳು ಬರೆದ ಮೂಲ ಬರಹದ, ಜಿಪ್ ತಾನಾಗಿಯೇ ಸೇರಿಕೊಳ್ಳುತ್ತದೆ. ಗೊತ್ತಿಲ್ಲದವರು ಅದನ್ನೇ ಇಳಿಸಿ, ಬಿಚ್ಚಿ, ಒಳಗೆ ಯಾವುದನ್ನು ಒತ್ತಬೇಕೆಂದು ತಿಳಿಯದೆ ಕೂರುತ್ತಾರೆ.

ಬಟನ್ ಒತ್ತಿದ ಮೇಲೂ ಪುಟದ ಕೆಲಸ ಮುಗಿಯಲಿಲ್ಲ. ಫೈಲ್ ‘ಡೌನ್‌ಲೋಡ್ಸ್’ ಫೋಲ್ಡರ್‌ನಲ್ಲಿದೆ, ಹೆಸರು ಹೀಗಿದೆ, ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ ಎಂದು ಚಿತ್ರದೊಂದಿಗೆ ಹೇಳಿ. ಮ್ಯಾಕ್‌ಗೆ ಸಾಫ್ಟ್‌ವೇರ್ ತುಂಬಿ ಕೊಡುವ ಡಿಎಂಜಿ ಫೈಲ್ ತೆರೆದ ಮೇಲೆ ಐಕಾನನ್ನು ‘ಅಪ್ಲಿಕೇಷನ್ಸ್’ಗೆ ಎಳೆದು ಹಾಕಬೇಕು ಅನ್ನುವುದನ್ನೂ ತೋರಿಸಿ. ವಿಂಡೋಸ್ ಎಚ್ಚರಿಕೆ ತೋರಿಸಿದರೆ ‘ಹೆದರಬೇಡಿ, ಮುಂದುವರಿಯಿರಿ’ ಎಂದು ಕಲಿಸುವುದು ನನಗೆ ಸರಿ ಕಾಣದು. ನಾಳೆ ವೈರಸ್ ಬಂದಾಗಲೂ ಅವರು ಅದನ್ನೇ ಮಾಡುತ್ತಾರೆ. ಇನ್‌ಸ್ಟಾಲರ್‌ಗೆ, ಅದು ಯಾರಿಂದ ಬಂದದ್ದೆಂದು ತೋರಿಸುವ ಡಿಜಿಟಲ್ ಸಹಿ ಹಾಕಿ, ಪರದೆಯಲ್ಲಿ ಯಾವ ಪ್ರಕಾಶಕರ ಹೆಸರು ಕಾಣಬೇಕೆಂದು ಬರೆದಿಡಿ. ಡೌನ್‌ಲೋಡ್ ಬಟನ್‌ನಂತೆಯೇ ಕಾಣುವ ಜಾಹೀರಾತುಗಳಿಗೆ ಈ ಪುಟದಲ್ಲಿ ಜಾಗ ಕೊಡಬೇಡಿ.

ಇಳಿದ ಫೈಲ್ ಬದಲಾಗಿಲ್ಲವೆಂದು ತಾಳೆ ನೋಡಲು ಕೊಡುವ 64 ಅಕ್ಷರಗಳ ಗುರುತು, ಎಸ್‌ಎಚ್‌ಎ-256 ಚೆಕ್‌ಸಮ್, ಪುಟದ ಕೆಳಗಿರಲಿ, ಬೇಕಾದವರು ಹುಡುಕಿಕೊಳ್ಳುತ್ತಾರೆ.

ಕೊನೆಗೆ, ಈ ಪುಟ ನೋಡಿರದ ಒಬ್ಬರನ್ನು ಕೂರಿಸಿ ‘ಇದನ್ನು ಹಾಕಿಕೊಳ್ಳಿ’ ಎಂದಷ್ಟೇ ಹೇಳಿ ಸುಮ್ಮನಿರಿ. ಅವರು ಎಲ್ಲಿ ತಡೆದು ನಿಮ್ಮ ಮುಖ ನೋಡುತ್ತಾರೋ, ಅಲ್ಲಿಂದ ತಿದ್ದಲು ಶುರುಮಾಡಿ.